ದಿನದ ಲೆನ್ಸೋ, ತಿಂಗಳ ಲೆನ್ಸೋ?

ಶಿರಸಿಯಿಂದ ಕಾರವಾರಕ್ಕೆ ಓದಲು ಹೋಗಿರುವ ಅಕ್ಕನ ಮಗಳ ಪ್ರಶ್ನೆ: ದಿನಕ್ಕೊಂದು ಜೊತೆ ಬಿಸಾಡುವ ಕಾಂಟ್ಯಾಕ್ಟ್ ಲೆನ್ಸ್ ಕೊಳ್ಳಲೋ, ತಿಂಗಳಿಡೀ ಬಳಸುವುದನ್ನೋ?

ನಿತ್ಯ ಧರಿಸುವುದಾದರೆ, ಲೆನ್ಸ್ ಉಜ್ಜಿ ನೆನೆಯಿಡುವ ದ್ರಾವಣದ ಖರ್ಚು ಸೇರಿಸಿದರೂ ಸಾಮಾನ್ಯವಾಗಿ ತಿಂಗಳದ್ದೇ ಅಗ್ಗ. ಮದುವೆ, ಯಕ್ಷಗಾನದ ವೇಷ ಎಂದು ಅಪರೂಪಕ್ಕೆ ಹಾಕುವವರಿಗೆ ಲೆಕ್ಕ ತಿರುಗುತ್ತದೆ. ಏಕೆಂದರೆ ತಿಂಗಳದ್ದಕ್ಕೆ ಪೊಟ್ಟಣ ಒಡೆದ ದಿನದಿಂದ 30 ದಿನ ಎಣಿಸಬೇಕೇ ಹೊರತು ಹಾಕಿದ ದಿನಗಳನ್ನಲ್ಲ.

ದೊಡ್ಡ ವ್ಯತ್ಯಾಸವಿರುವುದು ಆರೈಕೆಯಲ್ಲಿ. ದಿನದ್ದನ್ನು ರಾತ್ರಿ ಬಿಸಾಡಿದರೆ ಕೆಲಸ ಮುಗಿಯಿತು. ತಿಂಗಳದ್ದನ್ನು ಪ್ರತಿ ರಾತ್ರಿ, ಕೈಯನ್ನು ಸೋಪಿನಲ್ಲಿ ತೊಳೆದು ಒರೆಸಿಕೊಂಡು, ದ್ರಾವಣ ಹಾಕಿ ಉಜ್ಜಿ, ಹೊಸ ದ್ರಾವಣದಲ್ಲಿ ನೆನೆಯಿಡಬೇಕು. ಲೆನ್ಸ್ ಇಡುವ ಡಬ್ಬಿಯನ್ನು 3 ತಿಂಗಳಿಗೊಮ್ಮೆಯಾದರೂ ಬದಲಿಸಬೇಕು. ನಿನ್ನೆಯ ದ್ರಾವಣಕ್ಕೆ ಇಂದಿನದನ್ನು ಬೆರೆಸುವ ಜಿಪುಣತನ ಬೇಡ. ನಮ್ಮ ಬಾವಿಯ ನೀರು ಎಷ್ಟೇ ತಿಳಿಯಾಗಿರಲಿ, ಯಾವ ಲೆನ್ಸಿಗೂ ತಾಗಬಾರದು: ನೀರಿನಲ್ಲಿರಬಹುದಾದ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಕಾರ್ನಿಯಾಗೆ (ಕಣ್ಣಿನ ಮುಂಭಾಗದ ಪಾರದರ್ಶಕ ಪದರಕ್ಕೆ) ಸೋಂಕು ತಗುಲಿಸಿ ದೃಷ್ಟಿಯನ್ನೇ ಕಸಿಯಬಲ್ಲದು. ನಾನು ಸೋಮಾರಿ, ಹಾಗಾಗಿ ನನ್ನದು ದಿನದ ಲೆನ್ಸ್. ಅವಳು ಶಿಸ್ತಿನವಳು, ತಿಂಗಳದ್ದು ಒಗ್ಗೀತು.

ಕಾರವಾರದ ಟಾಗೋರ್ ಕಡಲತೀರದಲ್ಲಿ ನೀರಿಗಿಳಿಯುವಾಗ, ಬೆಂಗಳೂರಿನ ರಾತ್ರಿ ಬಸ್ಸಿನಲ್ಲಿ ಮಲಗುವಾಗ ಎರಡೂ ಬೇಡ. ಅದಕ್ಕಾಗಿ ಹಳೆಯ ಕನ್ನಡಕ ಚೀಲದಲ್ಲಿರಲಿ. ಕಣ್ಣು ಕೆಂಪಾಗಿ ನೋವು ಬಂದರೆ ಲೆನ್ಸ್ ತೆಗೆದು ಅಂದೇ ನೇತ್ರವೈದ್ಯರಲ್ಲಿಗೆ ಹೋಗಬೇಕು.