ಗ್ರಾಹಕನ ಮೂಗಿನ ಗ್ರಾಹಕಗಳು: ಮೂಗಿನ ಹನಿಯೊಂದಿಗೆ ನಾಲ್ಕು ವರ್ಷ

ಯಾವ ಕಂಪನಿಯ ಬಾಟಲಿ ಎಂದು ಬರೆಯುವುದಿಲ್ಲ. ನಾಲ್ಕು ವರ್ಷದಲ್ಲಿ ಅಂಗಡಿಯಲ್ಲಿ ಸಿಕ್ಕ ಎಲ್ಲ ಕಂಪನಿಗಳದ್ದನ್ನೂ ಬಳಸಿದ್ದೇನೆ, ಒಳಗಿರುವುದು ಎಲ್ಲದರಲ್ಲೂ ಒಂದೇ: ಕಟ್ಟಿದ ಮೂಗನ್ನು ತೆರೆಸುವ ಝೈಲೋಮೆಟಾಜೊಲಿನ್, ಶೇ 0.1, ದೊಡ್ಡವರಿಗೆ. ಉಳಿದ ವಿವರ ಪೆಟ್ಟಿಗೆಯ ಮೇಲಿದೆ. ಪೆಟ್ಟಿಗೆಯ ಮೇಲಿದ್ದೂ ನಾನು ಓದದ ಒಂದು ಸಾಲಿನಿಂದ ನನಗೆ ಏನಾಯಿತು ಎಂಬುದಷ್ಟನ್ನು ಇಲ್ಲಿ ಬರೆಯುತ್ತೇನೆ.

ಬೆಂಗಳೂರಿಗೆ ಬಂದ ಮೇಲೆ ಅಂಟಿಕೊಂಡ ಅಲರ್ಜಿ ನನ್ನದು. ಖಾಲಿ ನಿವೇಶನಗಳಲ್ಲಿ ಸೊಂಟದುದ್ದ ಬೆಳೆಯುವ ಪಾರ್ಥೇನಿಯಂ, ರಸ್ತೆ ಅಗೆದ ದೂಳು, ಇವೆರಡರ ನಡುವೆ ಬೆಳಿಗ್ಗೆ ಎದ್ದ ಕೂಡಲೇ ಹದಿನೈದು ಸೀನು. ಸೀನನ್ನು ಹೇಗೋ ಸಹಿಸಬಹುದು. ರಾತ್ರಿ ಮೂಗು ಕಟ್ಟಿ, ಬಾಯಿಯಲ್ಲಿ ಉಸಿರಾಡಿ, ಮೂರು ಗಂಟೆಗೆ ನಾಲಿಗೆ ತೆಂಗಿನ ನಾರಿನಂತೆ ಒಣಗಿ ಎಚ್ಚರವಾಗುವುದನ್ನು ಸಹಿಸಲಾಗುತ್ತಿರಲಿಲ್ಲ. ಹಾಗೆ ಐದಾರು ರಾತ್ರಿ ಕಳೆದ ಮೇಲೆ ಸಹಕಾರಿ ಬ್ಯಾಂಕಿನಲ್ಲಿ ಪಕ್ಕದ ಮೇಜಿನವರು ಈ ಬಾಟಲಿಯ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟರು.

ಮೊದಲ ರಾತ್ರಿ ಇನ್ನೂ ನೆನಪಿದೆ. ಮಂಚದ ಅಂಚಿನಿಂದ ತಲೆಯನ್ನು ಹಿಂದಕ್ಕೆ ಇಳಿಬಿಟ್ಟು, ಎರಡೂ ಹೊಳ್ಳೆಗೆ ಮೂರು ಮೂರು ಹನಿ. ತಣ್ಣಗೆ ಜಾರಿ ಗಂಟಲ ಹಿಂದೆ ಸಣ್ಣ ಕಹಿ. ಮೂರು ನಾಲ್ಕು ನಿಮಿಷ ಏನೂ ಇಲ್ಲ. ಆಮೇಲೆ ಮೂಗಿನ ಆಳದಲ್ಲೆಲ್ಲೋ ತುಕ್ಕು ಹಿಡಿದ ಷಟರನ್ನು ಯಾರೋ ಮೇಲಕ್ಕೆ ಎತ್ತಿದ ಹಾಗಾಗಿ ಗಾಳಿ ಒಳಗೆ ಬಂತು. ಗಾಳಿಯ ಹಿಂದೆಯೇ ಕೆಳಗಿನ ಮನೆಯ ಇಂಗಿನ ಒಗ್ಗರಣೆ ಬಂತು. ವಾರದಿಂದ ಯಾವ ವಾಸನೆಯೂ ಇಲ್ಲದಿದ್ದವನಿಗೆ ಆ ಇಂಗು ಎಂಥ ಸುಖ ಕೊಟ್ಟಿತೆಂದರೆ, ಹೆಂಡತಿಯನ್ನು ಎಬ್ಬಿಸಿ ಹೇಳಿದೆ. ಅವಳು ಮಗ್ಗುಲು ಬದಲಿಸಿದಳು.

ಆ ವಾರವೇ ವಿಮರ್ಶೆ ಬರೆದಿದ್ದರೆ ಐದಕ್ಕೆ ಆರು ಅಂಕ ಕೊಡುತ್ತಿದ್ದೆ.

ಕ್ರಮೇಣ ಅದೊಂದು ನಿತ್ಯಪೂಜೆಯಾಯಿತು. ಹಲ್ಲುಜ್ಜಿ, ಬಾಗಿಲ ಚಿಲಕ ನೋಡಿ, ಬೆಳಗಿನ ಹಾಲಿನ ಕೂಪನ್ ಹೊರಗಿಟ್ಟು, ದೀಪ ಆರಿಸುವ ಮುನ್ನ ಹನಿ. ಬಾಟಲಿಯನ್ನು ಬೆಳಕಿಗೆ ಹಿಡಿದು ಎಷ್ಟು ಉಳಿದಿದೆ ಎಂದು ನೋಡುವುದು ರೂಢಿಯಾಯಿತು. ದಿಂಬಿನ ಕೆಳಗೆ ಒಂದು, ಬ್ಯಾಂಕಿನ ಡ್ರಾಯರಿನಲ್ಲಿ ಒಂದು, ಸ್ಕೂಟರಿನ ಡಿಕ್ಕಿಯಲ್ಲಿ ಒಂದು. ಔಷಧಿ ಅಂಗಡಿಯ ಹುಡುಗ ನನ್ನ ಮುಖ ಕಂಡರೆ ಸಾಕು, ಕೇಳದೆಯೇ ಎರಡನೇ ಸಾಲಿಗೆ ಕೈ ಹಾಕುತ್ತಿದ್ದ.

ಲೆಕ್ಕದ ಮನುಷ್ಯನಾದ ನಾನು ಲೆಕ್ಕ ತಪ್ಪಿದ್ದು ಇಲ್ಲಿಯೇ. ಮೊದಮೊದಲು ಒಂದು ಸಲ ಹಾಕಿದರೆ ಬೆಳಗಿನವರೆಗೆ ನಡೆಯುತ್ತಿತ್ತು. ಎರಡನೇ ತಿಂಗಳಿಗೆ ಆರು ಗಂಟೆ. ವರ್ಷ ಕಳೆಯುವಷ್ಟರಲ್ಲಿ ಮೂರು ಗಂಟೆ, ಅದೂ ಅರೆಬರೆ. ದಿನಕ್ಕೆ ಆರು ಸಲ, ಸಲಕ್ಕೆ ಆರು ಹನಿ, ಒಟ್ಟು 36 ಹನಿ. ಹತ್ತು ಮಿಲಿಲೀಟರಿನ ಬಾಟಲಿ ಆರು ದಿನ ಬಂದರೆ ಹೆಚ್ಚು. ವರ್ಷಕ್ಕೆ 60 ಬಾಟಲಿ, ಒಂದಕ್ಕೆ 90 ರೂಪಾಯಿಯಂತೆ 5,400 ರೂಪಾಯಿ. ಅಷ್ಟು ದುಡ್ಡು ಸುರಿದೂ ಮೂಗು ಮೊದಲಿಗಿಂತ ಹೆಚ್ಚು ಕಟ್ಟುತ್ತಿತ್ತು. ಅಲರ್ಜಿ ಜೋರಾಗಿದೆ, ಪಾಲಿಕೆಯವರು ಗಿಡ ಕಡಿಯುವುದಿಲ್ಲ, ಎಂದೆಲ್ಲ ಗೊಣಗುತ್ತಾ ಇನ್ನೊಂದು ಬಾಟಲಿ ತರುತ್ತಿದ್ದೆ. ಪಾಲಿಕೆಯನ್ನು ಬೈಯುವುದು ಸುಲಭ.

ಕಣ್ಣು ತೆರೆಸಿದ್ದು ಒಂದು ಬಸ್ ಪ್ರಯಾಣ. ಅಕ್ಕನ ಮಗಳ ಸೀಮಂತಕ್ಕೆ ಪುತ್ತೂರಿಗೆ ರಾತ್ರಿ ಬಸ್ಸು ಹತ್ತಿದ್ದೆ. ಕುಣಿಗಲ್ ದಾಟುವಾಗ ಜೇಬು ಮುಟ್ಟಿಕೊಂಡರೆ ಬಾಟಲಿ ಇಲ್ಲ. ಚೀಲ ಬಗ್ಗಿಸಿದೆ, ಸೀಟಿನ ಕೆಳಗೆ ಮೊಬೈಲ್ ಬೆಳಕು ಹಾಯಿಸಿದೆ, ಇಲ್ಲ. ಮೂಗು ಇನ್ನೂ ತೆರೆದೇ ಇತ್ತು, ಆದರೂ ಎದೆ ಹೊಡೆದುಕೊಳ್ಳತೊಡಗಿತು. ಚನ್ನರಾಯಪಟ್ಟಣದ ಬಳಿ ಚಹಾಕ್ಕೆ ನಿಲ್ಲಿಸಿದಾಗ ಹೋಟೆಲಿನವರನ್ನು ಔಷಧಿ ಅಂಗಡಿ ಎಲ್ಲಿ ಎಂದು ಕೇಳಿದೆ. ರಾತ್ರಿ ಹನ್ನೆರಡೂವರೆ. ಅವರು ನನ್ನನ್ನು ನೋಡಿದ ನೋಟ ನನಗೆ ಗುರುತಿತ್ತು: ಬಾಗಿಲು ಹಾಕಿದ ಮದ್ಯದಂಗಡಿಯ ಮುಂದೆ ನಿಂತವರನ್ನು ನಾನು ಹಾಗೆಯೇ ನೋಡುತ್ತೇನೆ. ಶಿರಾಡಿ ಘಾಟಿಯ ಒಂದೊಂದು ತಿರುವನ್ನೂ ಬಾಯಿ ತೆರೆದುಕೊಂಡೇ ಇಳಿದೆ.

ಊರಿಗೆ ಮರಳಿದ ವಾರವೇ ಕಿವಿ ಮೂಗು ಗಂಟಲಿನ ವೈದ್ಯರ ಬಳಿ ಹೋದೆ. ಅವರು ಮೂಗಿನೊಳಗೆ ದೀಪ ಹಿಡಿದು ನೋಡಿ, "ಎಷ್ಟು ದಿನದಿಂದ ಹನಿ ಹಾಕಿಕೊಳ್ಳುತ್ತಿದ್ದೀರಿ?" ಎಂದರು. ನಾಲ್ಕು ವರ್ಷ ಎಂದೆ. "ದಿನ ಕೇಳಿದೆ ನಾನು" ಎಂದು ನಕ್ಕು, ನನ್ನ ಜೇಬಿನ ಬಾಟಲಿಯನ್ನೇ ತೆಗೆಸಿ ಸಣ್ಣ ಅಕ್ಷರದ ಸಾಲೊಂದರ ಮೇಲೆ ಬೆರಳಿಟ್ಟರು. ಕೆಲವೇ ದಿನ ಬಳಸಬೇಕಾದ ಔಷಧ ಇದು. ಮೂರರಿಂದ ಐದು ದಿನ ಎನ್ನುವುದು ಅವರ ಲೆಕ್ಕ.

ಮೂಗು ಕಟ್ಟಿದೆ ಎಂದರೆ ಸಿಂಬಳ ತುಂಬಿದೆ ಎಂದೇ ಅಲ್ಲಿಯವರೆಗೆ ತಿಳಿದಿದ್ದೆ. ಹೊಳ್ಳೆಯ ಒಳಗೋಡೆಯಲ್ಲಿ ಸುರುಳಿಯಂತಹ ಮೂಳೆಗಳಿದ್ದು, ಅವುಗಳ ಮೇಲಿನ ಪದರ ಸ್ಪಂಜಿನಂತೆ ರಕ್ತ ತುಂಬಿಕೊಂಡು ಉಬ್ಬುತ್ತದೆ. ಆ ಉಬ್ಬೇ ದಾರಿ ಮುಚ್ಚುವುದು. ಎಡ ಹೊಳ್ಳೆ ಉಬ್ಬಿದಾಗ ಬಲ ಹೊಳ್ಳೆ ಇಳಿದು, ಕೆಲವು ಗಂಟೆಗೊಮ್ಮೆ ಪಾಳಿ ಬದಲಾಗುವುದು ಆರೋಗ್ಯವಂತರಲ್ಲೂ ಉಂಟು. ಜರ್ಮನಿಯ ವೈದ್ಯ ರಿಚರ್ಡ್ ಕೈಸರ್ ಇದನ್ನು 1895ರಲ್ಲಿಯೇ ವಿವರಿಸಿದ್ದಾರಂತೆ. ಆ ರಕ್ತನಾಳಗಳನ್ನು ಬಿಗಿಯಾಗಿ ಹಿಡಿದಿಡಲು ನಮ್ಮದೇ ನರಗಳು ಹಗಲೂ ರಾತ್ರಿ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕವನ್ನು ತೊಟ್ಟಿಕ್ಕುತ್ತಿರುತ್ತವೆ. ಅದನ್ನು ಹಿಡಿದು ನಾಳಕ್ಕೆ "ಬಿಗಿ" ಎಂದು ಹೇಳುವವು ನಾಳದ ಜೀವಕೋಶಗಳ ಮೇಲಿರುವ ಆಲ್ಫಾ ಗ್ರಾಹಕಗಳು, ಇಂಗ್ಲಿಷಿನಲ್ಲಿ ರಿಸೆಪ್ಟರ್. ಪಠ್ಯಪುಸ್ತಕದವರಿಗೆ ಬೇರೆ ಪದ ಸಿಗಲಿಲ್ಲವೇನೋ. ದುಡ್ಡು ಕೊಟ್ಟು ಬಾಟಲಿ ಕೊಳ್ಳುವ ನಾನೂ ಗ್ರಾಹಕ, ಬಾಟಲಿಯ ಹನಿಯನ್ನು ಹಿಡಿಯುವ ಅದೂ ಗ್ರಾಹಕ. ಇಬ್ಬರಲ್ಲಿ ಮೋಸ ಮೊದಲು ತಿಳಿದದ್ದು ಅದಕ್ಕೆ.

ಹೇಗೆಂದರೆ, ಹನಿಯಲ್ಲಿರುವ ಔಷಧ ನಾರ್‌ಅಡ್ರಿನಲಿನ್‌ನ ವೇಷ ಹಾಕಿಕೊಂಡು ಅದೇ ಗ್ರಾಹಕದ ಮೇಲೆ ಕೂರುತ್ತದೆ. ನಮ್ಮ ಬ್ಯಾಂಕಿನಲ್ಲಿ ಹಿಂದೆ ವ್ಯವಸ್ಥಾಪಕರ ಮೇಜಿನ ಮೇಲೆ ಒತ್ತುವ ಗಂಟೆ ಇತ್ತು. ಒತ್ತಿದರೆ ಜವಾನ ಏಳುತ್ತಿದ್ದ. ಹೊಸದಾಗಿ ಬಂದವರೊಬ್ಬರು ಅದನ್ನು ಬೆಳಗಿನಿಂದ ಸಂಜೆಯವರೆಗೆ ಒತ್ತುತ್ತಲೇ ಇದ್ದರು. ತಿಂಗಳಾಗುವಷ್ಟರಲ್ಲಿ ಜವಾನನ ಕುರ್ಚಿ ಗಂಟೆ ಕೇಳಿಸದ ರೆಕಾರ್ಡ್ ಕೊಠಡಿಗೆ ಹೋಯಿತು. ಸದಾ ಔಷಧ ಬೀಳುತ್ತಿದ್ದರೆ ಗ್ರಾಹಕಗಳೂ ಹೀಗೆಯೇ ಮಂಕಾಗುತ್ತವೆ, ಕೆಲವು ಜೀವಕೋಶದ ಒಳಕ್ಕೆ ಸರಿದುಬಿಡುತ್ತವೆ. ಜೊತೆಗೆ ನರದ ತುದಿಯಲ್ಲೂ ಇದೇ ಕುಲದ ಗ್ರಾಹಕಗಳಿದ್ದು, ಹೊರಗೆ ಬೇಕಾದಷ್ಟು ಇದೆ ಎಂದುಕೊಂಡು ನಮ್ಮದೇ ನಾರ್‌ಅಡ್ರಿನಲಿನ್ ಬಿಡುಗಡೆಗೆ ಕಡಿವಾಣ ಹಾಕುತ್ತವೆ. ಹನಿಯ ಪ್ರಭಾವ ಇಳಿದಾಗ ಒಳಗಿನ ಗಂಟೆಯೂ ಇಲ್ಲ, ಏಳುವ ಜವಾನನೂ ಇಲ್ಲ. ನಾಳ ಸಡಿಲಾಗುತ್ತದೆ, ಮೂಗು ಮೊದಲಿಗಿಂತ ಹೆಚ್ಚು ಉಬ್ಬುತ್ತದೆ, ಕೈ ಮತ್ತೆ ಬಾಟಲಿಗೆ ಹೋಗುತ್ತದೆ. ಹನಿ ಕೆಡದಂತೆ ಅನೇಕ ಬಾಟಲಿಗಳಲ್ಲಿ ಬೆರೆಸುವ ಬೆಂಜಾಲ್ಕೋನಿಯಂ ಕ್ಲೋರೈಡ್ ಕೂಡ ಮೂಗಿನ ಪದರವನ್ನು ಕೆರಳಿಸಬಲ್ಲದು ಎಂದರು ವೈದ್ಯರು.

ಇದನ್ನು ಮನೆಯಲ್ಲಿ ವಿವರಿಸುತ್ತಿದ್ದಾಗ ಅಪ್ಪ ಪೇಪರಿನಿಂದ ತಲೆಯೆತ್ತಿದರು. ಅವರಿಗೆ ಪ್ರಾಸ್ಟೇಟ್ ತೊಂದರೆಗೆ ಟ್ಯಾಮ್ಸುಲೋಸಿನ್ ಕೊಟ್ಟಿದ್ದಾರೆ. ಅದು ಆಲ್ಫಾ ಗ್ರಾಹಕವನ್ನು ಒತ್ತುವ ಬದಲು ಅಡ್ಡಗಟ್ಟಿ ಕೂರುತ್ತದೆ, ಮೂತ್ರದ ದಾರಿಯ ಸ್ನಾಯು ಸಡಿಲವಾಗಲಿ ಎಂದು. ಆದರೆ ನುಂಗಿದ ಮಾತ್ರೆ ಮೈಯೆಲ್ಲ ಸುತ್ತುತ್ತದೆಯಲ್ಲ, ಕೆಲವರಿಗೆ ಎದ್ದು ನಿಂತಾಗ ತಲೆಸುತ್ತು, ಕೆಲವರಿಗೆ ಮೂಗು ಕಟ್ಟುವುದು. "ಅದಕ್ಕೇ ಏನೋ, ಆ ಮಾತ್ರೆ ಶುರುವಾದಾಗಿನಿಂದ ನನಗೂ ರಾತ್ರಿ ಮೂಗು ಬಿಗಿಯುತ್ತದೆ" ಎಂದರು. ಅವರು ನನ್ನ ಬಾಟಲಿಯಿಂದ ಎರಡು ಹನಿ ಕದ್ದು ಹಾಕಿಕೊಳ್ಳುತ್ತಿದ್ದರು ಎಂಬುದೂ ಅವತ್ತೇ ಹೊರಬಿತ್ತು. ರಕ್ತದೊತ್ತಡ ಇರುವವರು ವೈದ್ಯರನ್ನು ಕೇಳದೆ ಈ ಹನಿ ಮುಟ್ಟಬಾರದು. ಅವರಿಗೆ ರಕ್ತದೊತ್ತಡವೂ ಇದೆ.

ಈ ಆಲ್ಫಾ, ಬೀಟಾ ವಿಂಗಡಣೆ ಮಾಡಿದವರು ಅಮೆರಿಕದ ಔಷಧ ವಿಜ್ಞಾನಿ ರೇಮಂಡ್ ಆಲ್‌ಕ್ವಿಸ್ಟ್, 1948ರಲ್ಲಿ. ಗ್ರಾಹಕ ಎಂಬುದನ್ನು ಆಗ ಯಾರೂ ಕಣ್ಣಾರೆ ಕಂಡಿರಲಿಲ್ಲ. ಒಂದೇ ಬಗೆಯ ಔಷಧಗಳು ಬೇರೆ ಬೇರೆ ಅಂಗಗಳ ಮೇಲೆ ಯಾವ ಕ್ರಮದಲ್ಲಿ ಪರಿಣಾಮ ಮಾಡುತ್ತವೆ ಎಂದು ಪಟ್ಟಿ ಮಾಡಿ, ಎರಡು ಬಗೆಯ ಗ್ರಾಹಕಗಳಿರಲೇಬೇಕು ಎಂದು ಊಹಿಸಿದರು. ಜಮಾ ಖರ್ಚಿನ ಪುಸ್ತಕ ನೋಡಿಯೇ ಕಳ್ಳನ ಸಂಖ್ಯೆ ಹೇಳಿದಂತೆ. ವೃತ್ತಿಬಾಂಧವ ಅನ್ನಿಸಿತು.

ಬಿಡಿಸಿಕೊಂಡ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ, ಆ ರಾತ್ರಿಗಳನ್ನು ಮತ್ತೆ ನೆನೆಯುವ ಆಸೆ ಇಲ್ಲ. ಮೊದಲು ಬಲ ಹೊಳ್ಳೆಗೆ ಪೂರ್ತಿ ನಿಲ್ಲಿಸಿ ಎಡಕ್ಕೆ ಮಾತ್ರ ಹಾಕುವುದು, ಬಲ ಸುಧಾರಿಸಿದ ಮೇಲೆ ಎಡವನ್ನೂ ಬಿಡುವುದು. ಜೊತೆಗೆ ಎರಡಕ್ಕೂ ಫ್ಲುಟಿಕಾಸೋನ್ ಎಂಬ ಸ್ಟೀರಾಯ್ಡ್ ಸ್ಪ್ರೇ. ಬೆಲೆ ಹನಿಯ ಮೂರು ಪಟ್ಟಿಗಿಂತ ಹೆಚ್ಚು. ಮೊದಲ ದಿನ ಸಿಂಪಡಿಸಿ ಹತ್ತು ನಿಮಿಷ ಕಾದೆ. ಷಟರ್ ಏಳಲಿಲ್ಲ. ಎರಡನೇ ದಿನವೂ ಇಲ್ಲ. ಮೋಸ ಹೋದೆ ಎಂದು ವೈದ್ಯರಿಗೆ ಫೋನ್ ಮಾಡಿದೆ. ಸ್ಟೀರಾಯ್ಡ್ ಜೀವಕೋಶದ ಹೊರಗೆ ನಿಂತು ಗಂಟೆ ಒತ್ತುವ ಜಾತಿಯಲ್ಲ, ಒಳಕ್ಕೇ ಹೋಗುತ್ತದೆ, ಅಲ್ಲಿರುವ ಗ್ರಾಹಕವನ್ನು ಜೊತೆಗೆ ಕರೆದುಕೊಂಡು ಕೋಶಕೇಂದ್ರಕ್ಕೆ ಹೋಗಿ ಯಾವ ಜೀನ್ ದುಡಿಯಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನೇ ಬದಲಿಸುತ್ತದೆ ಎಂದರು. ಅಂದರೆ ಕೇಂದ್ರ ಕಚೇರಿಗೆ ಹೋಗಿ ಸುತ್ತೋಲೆ ಹೊರಡಿಸುವ ಕೆಲಸ. ಸುತ್ತೋಲೆ ನಮ್ಮ ಶಾಖೆಗೆ ಬಂದು ಜಾರಿಯಾಗಲು ಎಷ್ಟು ದಿನ ಬೇಕೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ತೆಪ್ಪಗಾದೆ.

ಸ್ಪ್ರೇ ಹಿಡಿಯುವ ಕೈಯನ್ನು ಕಲಿಯುವುದಕ್ಕೇ ವಾರ ಹಿಡಿಯಿತು: ಬಲಗೈಯಲ್ಲಿ ಎಡ ಹೊಳ್ಳೆ, ಎಡಗೈಯಲ್ಲಿ ಬಲ ಹೊಳ್ಳೆ, ತುದಿ ನಡುಗೋಡೆಯ ಕಡೆಗಲ್ಲ, ಹೊರಗಿನ ಕಿವಿಯ ಕಡೆಗೆ. ಜೋರಾಗಿ ಸೇದಬಾರದು. ಸೇದಿದರೆ ಗಂಟಲಿಗೆ ಹೋಗುತ್ತದೆ, ದುಡ್ಡೂ ಹೋಗುತ್ತದೆ. ಅದಕ್ಕೆ ಮುನ್ನ ಉಪ್ಪುನೀರಿನಲ್ಲಿ ತೊಳೆಯುವುದು: ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು. ನೀರನ್ನು ಕುದಿಸಿ ಆರಿಸಲೇಬೇಕು, ನಲ್ಲಿ ನೀರು ಬೇಡ.

ಅಮ್ಮ ಮಾತ್ರ ಇದ್ಯಾವುದನ್ನೂ ಒಪ್ಪದೆ ಮೆಂಥಾಲ್ ಮುಲಾಮನ್ನು ಮೂಗಿಗೂ ಎದೆಗೂ ತಿಕ್ಕಿದರು. ತಿಕ್ಕಿದ ಕೂಡಲೇ ಮೂಗು ತೆರೆದಂತಾಯಿತು. ತೆರೆದಿರಲಿಲ್ಲ! ಮೆಂಥಾಲ್ ಒತ್ತುವುದು ತಂಪನ್ನು ಅರಿಯುವ ಬೇರೊಂದು ಗ್ರಾಹಕವನ್ನು. ತಣ್ಣನೆ ಗಾಳಿ ಒಳಗೆ ಬರುತ್ತಿದೆ ಎಂದು ಮಿದುಳು ನಂಬುತ್ತದೆ, ದಾರಿ ಇದ್ದಷ್ಟೇ ಇರುತ್ತದೆ. ಶಾಖ, ಸ್ಪರ್ಶಗಳನ್ನು ಅರಿಯುವ ಗ್ರಾಹಕಗಳ ಶೋಧಕ್ಕೆ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರ ನೊಬೆಲ್ ಬಂತು. ಈ ತಂಪಿನ ಗ್ರಾಹಕದ ಮೇಲೂ ಅವರಿಬ್ಬರೂ ಕೆಲಸ ಮಾಡಿದ್ದಾರೆ. "ಮಲಗಿದೆಯೋ ಇಲ್ಲವೋ, ಅಷ್ಟು ಹೇಳು" ಎಂದರು ಅಮ್ಮ. ಮಲಗಿದ್ದೆ.

ಇನ್ನೊಂದು ಮಾತು, ನೆಗಡಿ ಮಾತ್ರೆಯ ಬಗ್ಗೆ. ಹನಿ ನಿಲ್ಲಿಸಿದ ದಿನಗಳಲ್ಲಿ ಅಂಗಡಿಯ ಹುಡುಗ ಕೊಟ್ಟ ಮಾತ್ರೆಯಲ್ಲಿ ಫಿನೈಲೆಫ್ರಿನ್ ಇತ್ತು, ಅದೂ ಆಲ್ಫಾ ಗ್ರಾಹಕದವನೇ. ನುಂಗಿದಾಗ ಅದರ ಬಹುಪಾಲು ಕರುಳು, ಯಕೃತ್ತುಗಳಲ್ಲೇ ಕೆಟ್ಟುಹೋಗುತ್ತದೆ. 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಸಲಹಾ ಸಮಿತಿ, ಬಾಯಿಯ ಮೂಲಕ ತೆಗೆದುಕೊಂಡರೆ ಅದು ಕಟ್ಟಿದ ಮೂಗಿಗೆ ಪ್ರಯೋಜನವಿಲ್ಲ ಎಂದು ಒಮ್ಮತದಿಂದ ಹೇಳಿತು. ಆ ಮಾತ್ರೆಯಿಂದ ನನಗೆ ಸಿಕ್ಕಿದ್ದು ಅದರಲ್ಲಿ ಬೆರೆಸಿದ್ದ ಕ್ಲೋರ್‌ಫೆನಿರಮಿನ್ ಎಂಬ ಅಲರ್ಜಿ ಔಷಧದ ನಿದ್ದೆ. ಅದಕ್ಕಾದರೂ ದೂರಿಲ್ಲ.

ಹನ್ನೆರಡನೇ ದಿನ ಬೆಳಿಗ್ಗೆ ಬಲ ಹೊಳ್ಳೆ ತಾನಾಗಿಯೇ ತೆರೆದುಕೊಂಡಿತು. ತಿಂಗಳಾಗುವಷ್ಟರಲ್ಲಿ ಎಡವೂ. ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವ ವಾಸನೆ ಮಲಗುವ ಕೋಣೆಯವರೆಗೂ ಬರುತ್ತದೆ ಎಂಬುದನ್ನು ಮರೆತೇಹೋಗಿದ್ದೆ.

ಅಂಕ ಕೊಡಲೇಬೇಕೆಂದರೆ ಹನಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಕೆಲಸದಲ್ಲಿ ಅದನ್ನು ಮೀರಿಸಿದ್ದನ್ನು ನಾನು ಕಂಡಿಲ್ಲ. ಒಂದು ಅಂಕ ಕಳೆದದ್ದು ಆ ಸಾಲನ್ನು ಇರುವೆ ಓದುವ ಅಕ್ಷರದಲ್ಲಿ ಅಚ್ಚು ಮಾಡಿದ್ದಕ್ಕೆ. ಈಗಲೂ ಜೋರು ನೆಗಡಿಗೆ ತರುತ್ತೇನೆ. ಕಳೆದ ಸಲ ಗುರುವಾರ ರಾತ್ರಿ ತೆರೆದೆ, ಮಗಳು ಬಾಟಲಿಗೆ ಚೀಟಿ ಅಂಟಿಸಿ ಸ್ಕೆಚ್ ಪೆನ್ನಿನಲ್ಲಿ "ಭಾನುವಾರ ಕೊನೆ" ಎಂದು ಬರೆದಳು. ಭಾನುವಾರ ಬೆಳಿಗ್ಗೆ ಬೆಳಕಿಗೆ ಹಿಡಿದು ನೋಡಿದರೆ ಬಾಟಲಿ ಹೆಚ್ಚುಕಡಿಮೆ ತುಂಬಿಯೇ ಇತ್ತು. ತೊಂಬತ್ತು ರೂಪಾಯಿಯ ಮಾಲು, ಎಸೆಯುವಾಗ ಹೊಟ್ಟೆ ಉರಿಯಿತು. ಮಗಳು ಕಸದ ಬುಟ್ಟಿಯ ಪಕ್ಕದಲ್ಲೇ ನಿಂತಿದ್ದಳು.