ಕುಕ್ಕರ್, ಕಂಬಳಿ ಮತ್ತು ಕರೆಂಟಿನ ಪಾತ್ರೆ

ಗೆದ್ದದ್ದು ಕುಕ್ಕರ್. ಅದೂ ಹೊಸದಲ್ಲ, ಹಿಡಿ ಸಡಿಲಗೊಂಡು, ಒಂದು ಪಕ್ಕ ತಗ್ಗು ಬಿದ್ದ, ಮೂರು ಲೀಟರಿನ ಹಳೆಯ ಕುಕ್ಕರ್. ಅದನ್ನು ಅಟ್ಟಕ್ಕೆ ಹಾಕಿ, ಉಳಿತಾಯದ ಹೆಸರಿನಲ್ಲಿ ಕರೆಂಟಿನ ಸ್ಲೋ ಕುಕ್ಕರ್ ಒಂದನ್ನು ಕೊಂಡು ತಂದ ಬುದ್ಧಿವಂತಿಕೆ ನನ್ನದು. ಎರಡು ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಅಟ್ಟ ಹತ್ತಿ ಹಳೆಯದನ್ನು ಇಳಿಸಿಕೊಂಡೆ. ನಡುವೆ ದಪ್ಪ ತಳದ ಪಾತ್ರೆಗೆ ಕಂಬಳಿ ಹೊದಿಸಿ ಬೇಯಿಸುವುದನ್ನೂ ಕಲಿತೆ. ಮೂರರ ರುಚಿಯನ್ನೂ ಉಪದ್ರವವನ್ನೂ ಕಂಡ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಹೋಲಿಕೆ ಕಾಳು ಬೇಯಿಸುವುದಕ್ಕಷ್ಟೇ. ಕೈ ಬಿಗಿಯಾದ ತಿಂಗಳುಗಳಲ್ಲಿ ನನ್ನ ಅಡುಗೆಮನೆ ನಡೆಯುವುದೇ ಒಣ ಕಾಳಿನ ಮೇಲೆ. ಒಂದು ಲೋಟ ಕಾಳು ಬೆಂದರೆ ಎರಡೂವರೆ, ಮೂರು ಲೋಟವಾಗುತ್ತದೆ. ವರ್ಷವಿಡೀ ಸಿಗುತ್ತದೆ, ಫ್ರಿಜ್ ಕೇಳುವುದಿಲ್ಲ. ಡಬ್ಬಿಯಲ್ಲಿ ಬೆಂದೇ ಬರುವ ಕಾಳನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಅದು ಚೆನ್ನಾಗಿಯೇ ಇರುತ್ತದೆ, ಆದರೆ ಕಾಳು ಕುಡಿದ ನೀರಿಗೂ ದುಡ್ಡು ಕೊಡಲು ನನಗೆ ಮನಸ್ಸು ಬರುವುದಿಲ್ಲ.

ಯಾವುದರಲ್ಲಿ ಇಂಧನ ಎಷ್ಟು ಉಳಿಯುತ್ತದೆ ಎಂಬುದೇ ಮುಖ್ಯ ಪ್ರಶ್ನೆ ಎಂದು ನಾನೂ ಮೊದಲು ನಂಬಿದ್ದೆ. ಖರ್ಚಿನ ಪುಸ್ತಕ ತೆಗೆದು ನೋಡಿದಾಗ ಬೇರೆಯೇ ಕಂಡಿತು. ನನ್ನ ದುಡ್ಡು ಹೋಗುತ್ತಿದ್ದದ್ದು ಸಂಜೆ ಮನೆಗೆ ಬಂದ ಮೊದಲ ಅರ್ಧ ಗಂಟೆಯಲ್ಲಿ. ಅಷ್ಟರೊಳಗೆ ಬಿಸಿಯಾದದ್ದೇನಾದರೂ ತಟ್ಟೆಗೆ ಬೀಳುವ ಸೂಚನೆ ಕಾಣದಿದ್ದರೆ ನಾನು ಕಳಚಿಟ್ಟ ಚಪ್ಪಲಿಯನ್ನೇ ಮತ್ತೆ ಮೆಟ್ಟಿಕೊಂಡು ಹೊರಗೆ ಹೋಗಿ ತಿಂದು ಬರುತ್ತೇನೆ. ಹಾಗೆ ತಿಂದ ಒಂದು ಊಟದ ದುಡ್ಡಿನಲ್ಲಿ ನಾಲ್ಕು ದಿನದ ಕಾಳು ಬರುತ್ತದೆ. ಹಾಗಾಗಿ ಈ ಬರಹದ ತಕ್ಕಡಿ ಆ ಅರ್ಧ ಗಂಟೆಯೇ. ಇಡೀ ದಿನ ಮನೆಯಲ್ಲೇ ಇರುವವರಿಗೆ ಉತ್ತರ ಬೇರೆ ಬಂದೀತು.

ಸ್ಲೋ ಕುಕ್ಕರ್ ಕೊಂಡದ್ದೂ ಈ ಲೆಕ್ಕದ ಮೇಲೆಯೇ. ಬೆಳಿಗ್ಗೆ ಕಾಳು, ನೀರು ಹಾಕಿ ಸ್ವಿಚ್ ಒತ್ತಿ ಹೋದರೆ ಸಂಜೆಗೆ ಸಿದ್ಧ. ಕಡಲೆಕಾಳಿನಲ್ಲಿ ಅದು ಮಾತು ಉಳಿಸಿಕೊಂಡಿತು ಎಂದು ಒಪ್ಪಲೇಬೇಕು. ಬಾಗಿಲು ತೆರೆದಾಗ ಮನೆ ತುಂಬ ಬೆಂದ ಕಾಳಿನ ಪರಿಮಳ ಇರುತ್ತಿತ್ತು. ಎಡವಟ್ಟಾದದ್ದು ರಾಜ್ಮಾದಲ್ಲಿ. ರಾತ್ರಿ ನೆನೆಸಿದ ಕಾಳನ್ನು ಬೆಳಿಗ್ಗೆ ಸಣ್ಣ ಶಾಖಕ್ಕೆ ಇಟ್ಟು ಹೋಗಿದ್ದೆ. ಸಂಜೆ ಮುಚ್ಚಳ ತೆಗೆದರೆ ನೋಡಲು ಬೆಂದಂತೆಯೇ ಇತ್ತು. ಹಿಸುಕಿದಾಗ ಒಳಗೆ ಸ್ವಲ್ಪ ಹಿಟ್ಟುಹಿಟ್ಟಾಗಿತ್ತು. ಹಸಿದ ಹೊಟ್ಟೆಗೆ ಅಷ್ಟು ಪರೀಕ್ಷೆಯ ತಾಳ್ಮೆ ಎಲ್ಲಿ, ಒಂದು ಬಟ್ಟಲು ತಿಂದೆ. ಎರಡು ಗಂಟೆ ಕಳೆಯುವುದರೊಳಗೆ ಹೊಟ್ಟೆ ತೊಳಸಲು ಶುರುವಾಯಿತು. ಆ ರಾತ್ರಿ ನಾನು ಹಾಸಿಗೆಗಿಂತ ಬಚ್ಚಲಿನಲ್ಲೇ ಹೆಚ್ಚು ಹೊತ್ತು ಕಳೆದೆ.

ಕಾರಣ ಆಮೇಲೆ ಓದಿ ತಿಳಿದದ್ದು. ಹಸಿ ರಾಜ್ಮಾದಲ್ಲಿ ಫೈಟೊಹಿಮಾಗ್ಲುಟಿನಿನ್ ಎಂಬ ವಿಷಕಾರಿ ಪ್ರೋಟೀನ್ ಇದೆ. ಅದು ನಾಶವಾಗಬೇಕಾದರೆ ನೀರು ಚೆನ್ನಾಗಿ ಮರಳಬೇಕು. ಕಾಳನ್ನು ಕನಿಷ್ಠ ಐದು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕುದಿಸಬೇಕು. ಹತ್ತು ನಿಮಿಷದ ಕುದಿಗೆ ವಿಷ ಮುರಿಯುತ್ತದೆ, ನಿಶ್ಚಿಂತೆಗೆ ಮೂವತ್ತು ನಿಮಿಷ ಎನ್ನುತ್ತಾರೆ. ಕುದಿಯ ಮಟ್ಟ ಮುಟ್ಟದೆ 80 ಡಿಗ್ರಿಯ ಆಸುಪಾಸಿನಲ್ಲೇ ಕಾಳು ಕಾಯುತ್ತ ಕೂತರೆ ವಿಷ ಇಳಿಯುವ ಬದಲು ಏರುವುದೂ ಉಂಟು. ಪಾತ್ರೆಯ ಜೊತೆ ಬಂದಿದ್ದ ಪುಸ್ತಿಕೆಯಲ್ಲಿ ಇರುವೆಯಂಥ ಅಕ್ಷರದಲ್ಲಿ ಈ ಎಚ್ಚರಿಕೆ ಇತ್ತು. ನಾನು ಆ ಪುಸ್ತಿಕೆಯನ್ನು ಮಡಚಿ ಅಲುಗಾಡುವ ಮೇಜಿನ ಕಾಲಡಿ ಇಟ್ಟಿದ್ದೆ. ತಪ್ಪು ನನ್ನದೇ.

ಅಂದಮೇಲೆ ರಾಜ್ಮಾವನ್ನು ಬೆಳಿಗ್ಗೆ ಒಲೆಯ ಮೇಲೆ ಅರ್ಧ ಗಂಟೆ ಕುದಿಸಿ, ಆಮೇಲೆ ಕರೆಂಟಿನ ಪಾತ್ರೆಗೆ ಸುರಿಯಬೇಕು. ಎರಡು ಪಾತ್ರೆ ತೊಳೆಯಬೇಕು. ಅದರಲ್ಲೂ ಒಳಗಿನ ಪಿಂಗಾಣಿ ಮಡಕೆ ಒಂದು ಕೈಗೆ ಎತ್ತಲಾಗದಷ್ಟು ಭಾರ. ಬೆಳಗಿನ ಹೊತ್ತಿನಲ್ಲಿ ಒಲೆಯ ಮುಂದೆ ನಿಲ್ಲಬಾರದೆಂದೇ ಕೊಂಡ ವಸ್ತು ನನ್ನನ್ನು ಮತ್ತೆ ಒಲೆಯ ಮುಂದೆಯೇ ನಿಲ್ಲಿಸಿತು.

ಕಂಬಳಿಯ ಕಥೆ ಹೆಚ್ಚು ಇಷ್ಟವಾಗುವಂಥದು. ದಪ್ಪ ತಳದ ಪಾತ್ರೆಯಲ್ಲಿ ಕಾಳು ಚೆನ್ನಾಗಿ ಕುದಿದ ಮೇಲೆ ಮುಚ್ಚಳ ತೆರೆಯದೆ ಇಳಿಸಿ, ಟವೆಲ್ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಸುತ್ತಲೂ ಕಂಬಳಿ ತುರುಕಿಬಿಡುವುದು. ನೀರು ಹಿಡಿದಿಟ್ಟುಕೊಂಡ ಬಿಸಿಯಲ್ಲೇ ನಾಲ್ಕೈದು ಗಂಟೆಯಲ್ಲಿ ಕಾಳು ಬೇಯುತ್ತದೆ. ಎರಡನೇ ಮಹಾಯುದ್ಧದ ಇಂಧನದ ಬರಗಾಲದಲ್ಲಿ ಬ್ರಿಟನ್ನಿನ ಮನೆಗಳು ಒಣಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಇದನ್ನೇ ಮಾಡುತ್ತಿದ್ದವು. ನನಗೆ ಹೊಸ ಖರ್ಚು ಒಂದು ಕಾಸಿನದೂ ಇರಲಿಲ್ಲ.

ರುಚಿಯ ಮಾತು ಬಂದರೆ ಇದಕ್ಕೆ ಮೊದಲ ಸ್ಥಾನ. ಕುದಿತದ ಕುಣಿದಾಟ ಇಲ್ಲದ್ದರಿಂದ ಒಂದು ಕಾಳೂ ಒಡೆಯುವುದಿಲ್ಲ. ಸಿಪ್ಪೆ ಇದ್ದಂತೆಯೇ ಇರುತ್ತದೆ, ಒಳಗೆ ಬೆಣ್ಣೆ. ಕಟ್ಟು ತಿಳಿಯಾಗಿ, ತುಸು ಅಂಟಂಟಾಗಿ ಇಳಿಯುತ್ತದೆ. ಭಾನುವಾರದ ಮಧ್ಯಾಹ್ನ ಕಂಬಳಿಯ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿ, ಆ ಕಟ್ಟನ್ನು ಲೋಟಕ್ಕೆ ಬಗ್ಗಿಸಿಕೊಂಡು, ಉಪ್ಪು, ಕುಟ್ಟಿದ ಕಾಳುಮೆಣಸು ಹಾಕಿ, ಕಿಟಕಿಯ ಪಕ್ಕ ಕೂತು ಊದಿ ಊದಿ ಕುಡಿಯುವುದಿದೆಯಲ್ಲ, ಅದು ತಿಂಗಳ ಕೊನೆಯಲ್ಲೂ ನನ್ನ ಕೈಗೆಟಕುವ ಸುಖ.

ಆದರೆ ಭಾನುವಾರಕ್ಕೆ ಮಾತ್ರ. ಹತ್ತು ಗಂಟೆ ಹೊರಗಿರುವ ದಿನ ಅದನ್ನು ನಂಬುವಂತಿಲ್ಲ. ಬಿಸಿ 60 ಡಿಗ್ರಿಗಿಂತ ಇಳಿದ ಮೇಲೆ ಆ ಕಂಬಳಿ ಕಾಳಿಗಿಂತ ಬ್ಯಾಕ್ಟೀರಿಯಾಗಳಿಗೇ ಹೆಚ್ಚು ಬೆಚ್ಚನೆಯ ಮನೆ. ಇನ್ನೊಂದು, ಪಾತ್ರೆ ಮುಕ್ಕಾಲು ಭಾಗ ತುಂಬಿರಬೇಕು. ಒಬ್ಬರ ಊಟಕ್ಕಾಗುವಷ್ಟು ಹಾಕಿದರೆ ಬೇಗ ಆರಿಹೋಗಿ ಕಾಳು ಅರೆಬೆಂದೇ ಉಳಿಯುತ್ತದೆ. ರಾಜ್ಮಾವಾದರೆ ಮೊದಲಿನ ಅರ್ಧ ಗಂಟೆಯ ಕುದಿ ಇಲ್ಲೂ ತಪ್ಪದು. ಮತ್ತು ನನ್ನ ಹತ್ತಿರ ಇರುವುದು ಒಂದೇ ಕಂಬಳಿ. ಬೆಳ್ಳುಳ್ಳಿ ಹಾಕಿ ಬೇಯಿಸಿದ ದಿನ ರಾತ್ರಿ ಹೊದ್ದುಕೊಂಡರೆ ಕನಸಿನಲ್ಲೂ ಒಗ್ಗರಣೆ.

ಈಗ ಕುಕ್ಕರ್. ಒಳಗಿನ ಒತ್ತಡಕ್ಕೆ ನೀರು 100 ಡಿಗ್ರಿಯ ಬದಲು ಸುಮಾರು 120 ಡಿಗ್ರಿಯಲ್ಲಿ ಕುದಿಯುತ್ತದೆ, ಕಾಳು ಬೇಗ ಬೇಯುತ್ತದೆ, ಇದು ಎಲ್ಲರಿಗೂ ಗೊತ್ತಿರುವುದೇ. ನನಗೆ ತಡವಾಗಿ ಹೊಳೆದದ್ದು ಆವಿಯ ಲೆಕ್ಕ. ನಲ್ಲಿಯ ಒಂದು ಲೀಟರ್ ನೀರನ್ನು ಕುದಿಗೆ ತರಲು ಬೇಕಾಗುವ ಶಾಖದ ಆರು ಪಟ್ಟಿಗೂ ಹೆಚ್ಚು ಶಾಖ ಅದೇ ನೀರನ್ನು ಪೂರ್ತಿ ಆವಿ ಮಾಡಲು ಬೇಕು. ತೆರೆದ ಪಾತ್ರೆಯಲ್ಲಿ ಒಂದೂವರೆ ಗಂಟೆ ಕಾಳು ಕುದಿಸಿದಾಗ ನಾನು ಸುಟ್ಟ ಇಂಧನದ ಬಹುಪಾಲು ಅಡುಗೆಮನೆಯ ಗೋಡೆ ಒದ್ದೆ ಮಾಡಲು ಖರ್ಚಾಗುತ್ತಿತ್ತು. ಕುಕ್ಕರಿನಲ್ಲೂ ಅಷ್ಟೇ: ಮೊದಲ ಸಲ ಕೂಗಿದ ಮೇಲೆ ಉರಿ ತೀರ ಸಣ್ಣ ಮಾಡಬೇಕು. ಎಂಟು ಹತ್ತು ಸಲ ಕೂಗಿಸುವುದು ಬರೀ ಸದ್ದು. ನೆನೆದ ಕಡಲೆಕಾಳು ಸಣ್ಣ ಉರಿಯಲ್ಲಿ ಹದಿನೈದು ನಿಮಿಷಕ್ಕೆ ಬೆಂದಿರುತ್ತದೆ. ಆಮೇಲೆ ಒತ್ತಡ ತಾನಾಗಿ ಇಳಿಯುವುದರೊಳಗೆ ಕೈಕಾಲು ತೊಳೆದು, ಈರುಳ್ಳಿ ಹೆಚ್ಚಿ ಮುಗಿದಿರುತ್ತದೆ. ನನ್ನ ಅರ್ಧ ಗಂಟೆಗೆ ಕೂದಲೆಳೆಯಷ್ಟು ಅಂತರದಲ್ಲಿ ಒದಗುವುದು ಇದೊಂದೇ.

ಒದಗುವುದು, ಗ್ಯಾಸ್ಕೆಟ್ ಸರಿಯಿದ್ದರೆ. ಕುಕ್ಕರನ್ನು ನಾನು ಅಟ್ಟಕ್ಕೆ ಹಾಕಿದ್ದೇ ಈ ಕರಿ ರಬ್ಬರಿನ ಬಳೆಯ ಕಾಟಕ್ಕೆ. ಒಲೆ ಹಚ್ಚಿ ಹತ್ತು ನಿಮಿಷವಾದರೂ ವಿಸಿಲ್ ಅಲುಗುತ್ತಿರಲಿಲ್ಲ. ಹಿಡಿಯ ಬಲಕ್ಕೆ, ಮುಚ್ಚಳದ ಅಂಚಿನಿಂದ ಸುಸ್ ಎಂದು ಹಬೆ ಸೋರುತ್ತಿತ್ತು. ನೀರು ಹನಿಹನಿಯಾಗಿ ಒಲೆಯ ಮೇಲೆ ಬಿದ್ದು ಚುರ್ ಎನ್ನುತ್ತಿತ್ತು. ಗಮನಿಸದೆ ಬಿಟ್ಟರೆ ನೀರು ಬತ್ತಿ, ತಳದ ಕಾಳು ಸೀದು, ಮೇಲಿನ ಕಾಳು ಕಲ್ಲಿನಂತೆ ಉಳಿಯುತ್ತಿತ್ತು. ಸೀದ ವಾಸನೆ ಬಂದ ದಿನ ನಾನು ಮತ್ತೆ ಚಪ್ಪಲಿ ಮೆಟ್ಟಿದ್ದೇನೆ ಎಂದು ಬೇರೆ ಹೇಳಬೇಕಾಗಿಲ್ಲ.

ಗ್ಯಾಸ್ಕೆಟ್ಟನ್ನು ತಣ್ಣೀರಿನಲ್ಲಿ ಅದ್ದಿ ಹಾಕಿದೆ. ತಿರುಗಿಸಿ ಹಾಕಿದೆ. ಯಾರೋ ಹೇಳಿದರೆಂದು ಫ್ರೀಜರಿನಲ್ಲಿಟ್ಟು ಹಾಕಿದೆ. ಒಂದು ದಿನ ಕೂಗಿತು, ಮಾರನೆಯ ದಿನ ಮತ್ತೆ ಸುಸ್. ಹೊಸದು ತಂದೆ. ಮೂರು ಲೀಟರಿನದು ಎಂದು ಕೇಳಿ ತಂದದ್ದು ಬೆರಳಗಲ ದೊಡ್ಡದಾಗಿತ್ತು. ಲೀಟರಿನ ಲೆಕ್ಕ ಸಾಲದು, ಮುಚ್ಚಳದ ಸುತ್ತಳತೆಯೂ ಮಾದರಿಯೂ ಹೊಂದಬೇಕು ಎಂದು ತಿಳಿದದ್ದು ದುಡ್ಡು ಕೊಟ್ಟ ಮೇಲೆ. ಬಳಸಿ ನೋಡಿದ್ದನ್ನು ವಾಪಸ್ ತೆಗೆದುಕೊಳ್ಳಲಿಲ್ಲ. ಎರಡನೆಯ ಸಲ ಮುಚ್ಚಳವನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ ಅಳತೆ ನೋಡಿ ತಂದೆ. ಅದನ್ನು ಹಾಕಿದರೂ ಅದೇ ಜಾಗದಲ್ಲಿ ಅದೇ ಸುಸ್. ಸ್ಲೋ ಕುಕ್ಕರ್ ಕೊಂಡದ್ದು ಅದರ ಮಾರನೆಯ ದಿನ, ಸಿಟ್ಟಿನಲ್ಲಿ.

ಅಟ್ಟದಿಂದ ಇಳಿಸಿಕೊಂಡ ಮೇಲೆ ಪಾತ್ರೆ ರಿಪೇರಿ ಮಾಡುವವರ ಹತ್ತಿರ ಒಯ್ದೆ. ಅವರು ಗ್ಯಾಸ್ಕೆಟ್ ಕಡೆ ನೋಡಲೇ ಇಲ್ಲ. ಅದನ್ನು ತೆಗೆದು ನನ್ನ ಕೈಗೆ ಕೊಟ್ಟು, ಮುಚ್ಚಳದ ಒಳಂಚಿನ ಕಾಲುವೆಯಲ್ಲಿ ಉಗುರು ಆಡಿಸುತ್ತ ಬಂದರು. ಒಂದು ಕಡೆ ಉಗುರು ತಡೆಯಿತು. ಸೂಜಿಯಿಂದ ಮೀಟಿದರೆ ಅಂಗೈಗೆ ಬಿದ್ದದ್ದು ಅಕ್ಕಿಕಾಳಿನಷ್ಟು ಉದ್ದದ ಕಂದು ಬಣ್ಣದ ಒಂದು ಚಕ್ಕೆ. ರಾಜ್ಮಾದ ಸಿಪ್ಪೆ. ನೊರೆಯ ಜೊತೆ ಮೇಲೆ ಬಂದು, ಗ್ಯಾಸ್ಕೆಟ್ಟಿನ ಹಿಂದೆ ಸೇರಿಕೊಂಡು, ಕುದಿಕುದಿದು ಅರಗಿನಂತೆ ಗಟ್ಟಿಯಾಗಿತ್ತು.

"ಕುಕ್ಕರಿಗೆ ಕಾಳು ಎಷ್ಟು ತುಂಬಿಸುತ್ತೀರಿ?" ಎಂದು ಕೇಳಿದರು.

"ಮುಕ್ಕಾಲು."

"ಕಾಳಾದರೆ ನೀರು ಸೇರಿ ಅರ್ಧ ದಾಟಬಾರದು. ಒಂದು ಚಮಚ ಎಣ್ಣೆ ಬಿಡಿ, ನೊರೆ ಅಡಗುತ್ತದೆ," ಎಂದರು. ದುಡ್ಡು ತೆಗೆದುಕೊಳ್ಳಲಿಲ್ಲ. ಎರಡು ಗ್ಯಾಸ್ಕೆಟ್ಟು, ಒಂದು ಕರೆಂಟಿನ ಪಾತ್ರೆ, ಒಂದು ರಾತ್ರಿಯ ವಾಂತಿ. ಎಲ್ಲದರ ಮೂಲ ಆ ಸಿಪ್ಪೆ.

1679ರಲ್ಲಿ ಡೆನಿಸ್ ಪಾಪಿನ್ ಎಂಬ ಫ್ರೆಂಚ್ ವಿಜ್ಞಾನಿ ಮೊದಲ ಆವಿಯ ಕುಕ್ಕರ್ ಮಾಡಿದಾಗ ಅವನ ಚಿಂತೆ ಪಾತ್ರೆ ಸಿಡಿಯದಂತೆ ನೋಡಿಕೊಳ್ಳುವುದಾಗಿತ್ತು; ಅದಕ್ಕಾಗಿಯೇ ಸೇಫ್ಟಿ ವಾಲ್ವ್ ಕಂಡುಹಿಡಿದ. ಆವಿ ಒಳಗೆ ನಿಲ್ಲುವುದೇ ಇಲ್ಲ ಎಂಬ ನನ್ನ ದೂರು ಕೇಳಿದ್ದರೆ ನಕ್ಕಿರುತ್ತಿದ್ದ.

ಕಾಳಿನದೇ ತಪ್ಪಿರುವುದೂ ಉಂಟು. ಅಗ್ಗವೆಂದು ತಂದ ಚೀಲ ಹಳೆಯ ದಾಸ್ತಾನಿನದಾಗಿದ್ದರೆ ಮೂರರಲ್ಲಿ ಯಾವುದೂ ಕಾಪಾಡುವುದಿಲ್ಲ. ಸೆಕೆ, ತೇವದಲ್ಲಿ ಬಹಳ ಕಾಲ ಕೂತ ಕಾಳು ಎಷ್ಟು ಬೇಯಿಸಿದರೂ ಮೆತ್ತಗಾಗುವುದಿಲ್ಲ. ಗಡಸು ನೀರಿನ ಕ್ಯಾಲ್ಸಿಯಂ ಕೂಡ ಸಿಪ್ಪೆಯನ್ನು ಬಿಗಿ ಮಾಡುತ್ತದೆ. ನೆನೆಸುವ ನೀರಿಗೆ ಒಂದು ಚಮಚ ಉಪ್ಪು ಹಾಕಿದರೆ ಎಷ್ಟೋ ವಾಸಿ, ತೀರ ಹಟಮಾರಿ ಕಾಳಿಗೆ ಚಿಟಿಕೆ ಅಡುಗೆ ಸೋಡಾ. ಟೊಮೆಟೊ, ನಿಂಬೆರಸ ಬೆಂದ ಮೇಲೆಯೇ.

ಈಗಿನ ಏರ್ಪಾಡು ಹೀಗಿದೆ. ವಾರದ ದಿನಗಳಲ್ಲಿ ಕುಕ್ಕರ್, ಅರ್ಧ ಮಟ್ಟ, ಒಂದು ಚಮಚ ಎಣ್ಣೆ. ತೊಳೆಯುವಾಗ ಗ್ಯಾಸ್ಕೆಟ್ ತೆಗೆದು ಕಾಲುವೆಯಲ್ಲಿ ಉಗುರು ಆಡಿಸುವುದು ಅಭ್ಯಾಸವಾಗಿದೆ. ರಾತ್ರಿ ಮುಚ್ಚಳ ಬಿಗಿಯುವುದಿಲ್ಲ, ಬೋರಲು ಹಾಕಿಡುತ್ತೇನೆ. ಭಾನುವಾರ ಕಂಬಳಿ, ಬೆಳ್ಳುಳ್ಳಿ ಇಲ್ಲದೆ. ರುಚಿಯೊಂದೇ ಮುಖ್ಯ, ಹೊತ್ತಿಗೇನೂ ಬರವಿಲ್ಲ ಎನ್ನುವವರು ನೇರವಾಗಿ ಕಂಬಳಿಗೇ ಹೋಗಬಹುದು. ಹಳೆಯ ಕುಕ್ಕರಿನ ಮುಚ್ಚಳವೇ ಸೊಟ್ಟಗಾಗಿದ್ದರೆ ನನ್ನ ಮಾತು ಕೇಳಿ ಅದರೊಂದಿಗೆ ಗುದ್ದಾಡಬೇಡಿ, ಹೊಸದು ತೆಗೆದುಕೊಳ್ಳಿ.

ಕರೆಂಟಿನ ಪಾತ್ರೆಯನ್ನು ಬೇರೆಯವರಿಗೆ ದಾಟಿಸಿದೆ. ಕೊಡುವ ಮೊದಲು ಮೇಜಿನ ಕಾಲಡಿಯಿಂದ ಪುಸ್ತಿಕೆ ಎಳೆದು, ರಾಜ್ಮಾದ ಸಾಲಿಗೆ ಕೆಂಪು ಗೆರೆ ಹಾಕಿ ಒಳಗಿಟ್ಟೆ. ಮೇಜು ಮತ್ತೆ ಅಲುಗಾಡುತ್ತಿತ್ತು. ಅಳತೆ ತಪ್ಪಿದ ಮೊದಲ ಗ್ಯಾಸ್ಕೆಟ್ಟನ್ನು ಕತ್ತರಿಸಿ, ನಾಲ್ಕು ಮಡಿಕೆ ಮಾಡಿ ಅಲ್ಲಿ ತುರುಕಿದ್ದೇನೆ. ಗಟ್ಟಿಯಾಗಿ ಕೂತಿದೆ.