ಮುಂಬೈ ಬಿಕೆಸಿಲಿ (ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್) ಮೂರು ದಿನದ ಡಾಕ್ಟರ್ ಕಾನ್ಫರೆನ್ಸ್: ಸಣ್ಣ ಕ್ಲಿನಿಕ್‌ನವರು ಹೋಗ್ಬೇಕಾ?
ಮುಂಬೈ ಪಕ್ಕದ ಡೊಂಬಿವ್ಲಿಲಿ ನಂದೊಂದು ಸಣ್ಣ ಕ್ಲಿನಿಕ್ ಇದೆ, ಬೆಳಿಗ್ಗೆ ಸಂಜೆ ಎರಡು ಪಾಳಿ. ಮೂರು ದಿನ ಬಾಗಿಲು ಹಾಕಿ ಕಾನ್ಫರೆನ್ಸ್‌ಗೆ ಹೋಗೋದು ಅಂದ್ರೆ ಶುಗರ್ ಬಿಪಿ ಪೇಶಂಟ್‌ಗಳಿಗೆಲ್ಲ ಮೊದಲೇ ಫೋನ್ ಮಾಡಿ ಮಾತ್ರೆ ಇದ್ಯಾ ಅಂತ ಕೇಳಿ, ಪಕ್ಕದ ಗಲ್ಲಿ ಡಾಕ್ಟರಿಗೆ ಸ್ವಲ್ಪ ನೋಡ್ಕೊಳ್ಳಿ ಅಂತ ಹೇಳಿ ಹೊರಡಬೇಕು. ಅಷ್ಟು ಮಾಡಿ ಹೋಗಿದ್ದಕ್ಕೆ ಏನು ಸಿಕ್ತು ಅಂತ ನನ್ನ ಥರ ಜನರಲ್ ಪ್ರಾಕ್ಟೀಸ್ ಮಾಡೋರಿಗೆ ಗೊತ್ತಾಗ್ಲಿ ಅಂತ ಬರೀತಿದೀನಿ.

ಖರ್ಚು ಪೂರ್ತಿ ನಂದೇ. ಫೀಸು, ಅದರ ಮೇಲೆ 18% ಜಿಎಸ್‌ಟಿ, ಓಡಾಟ, ಮೂರು ದಿನದ ಕ್ಲಿನಿಕ್ ಆದಾಯ ಬೇರೆ ಹೋಯ್ತು. 2024 ಮಾರ್ಚಲ್ಲಿ ಬಂದ ಮಾರ್ಕೆಟಿಂಗ್ ಕೋಡ್ ಪ್ರಕಾರ ಔಷಧಿ ಕಂಪನಿಯವರು ನಮಗೆ ಗಿಫ್ಟ್ ಕೊಡೋ ಹಾಗಿಲ್ಲ, ಭಾಷಣಕಾರರಿಗೆ ಬಿಟ್ಟು ಬೇರೆಯವರಿಗೆ ಟಿಕೆಟ್ಟು ಹೋಟೆಲು ಕೊಡೋ ಹಾಗೂ ಇಲ್ಲ, ಅದು ಸರಿಯಾಗೇ ಇದೆ ಅಂತ ನನ್ನ ಅಭಿಪ್ರಾಯ, ನಮ್ಮ ಕೈಯಿಂದ ದುಡ್ಡು ಹೋದ್ರೆ ಸೆಷನ್ ಬಿಟ್ಟು ಹೊರಗೆ ತಿರುಗೋಕೆ ಮನಸ್ಸೇ ಬರಲ್ಲ. ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲಲ್ಲಿ ನಮ್ಮ ನೋಂದಣಿ ನವೀಕರಿಸೋಕೆ ಐದು ವರ್ಷಕ್ಕೆ 30 ಕ್ರೆಡಿಟ್ ಪಾಯಿಂಟ್ ಬೇಕಲ್ಲ, ಬರೀ ಅದಕ್ಕೋಸ್ಕರ ಆದ್ರೆ ಇಷ್ಟು ದೂರ ಬರೋದೇ ಬೇಡ, ಊರಲ್ಲೇ ಭಾನುವಾರದ ಸಿಎಂಇಗಳಲ್ಲಿ (ಡಾಕ್ಟರುಗಳ ಮುಂದುವರಿದ ಕಲಿಕೆಯ ಸಭೆ) ಸಿಕ್ಕತ್ತೆ.

ಫಾಸ್ಟ್ ಲೋಕಲ್ ಹಿಡಿದು ಕುರ್ಲಾಲಿ ಇಳಿದು ಪಶ್ಚಿಮದ ಕಡೆ ಬಂದ್ರೆ 310 ನಂಬರ್ ಬೆಸ್ಟ್ (ಮುಂಬೈ ಸಿಟಿ) ಬಸ್ಸು ಬಿಕೆಸಿ ಮೇಲೆ ಹೋಗತ್ತೆ. ಬೆಳಿಗ್ಗೆ ಶೇರ್ ಆಟೋ ಲೈನಲ್ಲಿ ನಿಂತ್ರೆ ಅರ್ಧ ಜೀವ ಅಲ್ಲೇ ಹೋಗತ್ತೆ, ಬಸ್ಸೇ ವಾಸಿ. ಅಂಧೇರಿ, ದಾದರ್ ಕಡೆಯೋರಿಗೆ ಈಗ ಆಕ್ವಾ ಲೈನ್ ಮೆಟ್ರೋ ಇದೆ, ಬಿಕೆಸಿ ಅಂತಲೇ ಸ್ಟೇಷನ್ನು.

ಮೊದಲ ದಿನ ನೋಂದಣಿ ಕೌಂಟರ್‌ಲೇ ಒಂದೂಕಾಲು ಗಂಟೆ ಹೋಯ್ತು. ಮೊದಲೇ ದುಡ್ಡು ಕಟ್ಟಿ ಕ್ಯೂಆರ್ ಕೋಡ್ ತಂದವರೂ, ಅಲ್ಲೇ ಹೊಸದಾಗಿ ಹೆಸರು ಬರೆಸೋರೂ ಒಂದೇ ಸಾಲಲ್ಲಿ. ನನ್ನ ಮುಂದೆ ಎಪ್ಪತ್ತು ದಾಟಿದ ಹಿರಿಯ ಡಾಕ್ಟರೊಬ್ರು ಇದ್ರು, ಕೋಲು ಹಿಡ್ಕೊಂಡು, ಅವರಿಗೊಂದು ಕುರ್ಚಿ ತಂದುಕೊಡೋರಿಲ್ಲ. ಕೊನೆಗೆ ನಮ್ಮ ಸಾಲಲ್ಲಿದ್ದ ಹುಡುಗನೊಬ್ಬ ಎಲ್ಲಿಂದಲೋ ಹುಡುಕಿ ತಂದ. ಆಮೇಲೆ ದೀಪ ಹಚ್ಚಿ ಶಾಲು ಹೊದಿಸಿ ಎಲ್ಲ ಮುಗಿಯೋ ಹೊತ್ತಿಗೆ ಮೊದಲ ಸೆಷನ್ ಮುಕ್ಕಾಲು ಗಂಟೆ ಲೇಟು, ಆ ಟೈಮನ್ನ ಎಲ್ಲಿಂದ ಕಿತ್ಕೊಂಡ್ರು ಅಂದ್ರೆ ಪ್ರಶ್ನೆ ಕೇಳೋ ಟೈಮಿಂದ. ಇದು ನಂಗೆ ನಿಜವಾಗ್ಲೂ ಬೇಜಾರಾಯ್ತು, ಪ್ರಶ್ನೆ ಕೇಳೋಕೆ ಅಂತಲೇ ಅಲ್ವಾ ನಾವು ಅಷ್ಟು ದೂರದಿಂದ ಬರೋದು.

ದೊಡ್ಡ ಹಾಲ್‌ನ ಭಾಷಣ ಬಗ್ಗೆ ಹೆಚ್ಚು ಹೇಳಲ್ಲ, ಚೆನ್ನಾಗಿದ್ದವು ಎರಡೋ ಮೂರೋ, ಉಳಿದವರು ಸ್ಲೈಡ್ ಓದಿದ್ರು.

ಹೋಗಿದ್ದು ಸಾರ್ಥಕ ಅನ್ಸಿದ್ದು ಶ್ವಾಸಕೋಶದ ಅಲ್ಟ್ರಾಸೌಂಡ್ ವರ್ಕ್‌ಶಾಪಲ್ಲಿ. ಸಣ್ಣ ರೂಮು, ನಾಲ್ಕು ಮಂಚ, ಒಂದೊಂದಕ್ಕೂ ಆರು ಜನ. ನಮಗೆ ಕಲಿಸಿದ ಮೇಡಂ ಪ್ರೋಬನ್ನ (ಮೈಮೇಲೆ ಇಟ್ಟು ನೋಡೋ ಅಲ್ಟ್ರಾಸೌಂಡ್ ಹಿಡಿಕೆ) ಪೆನ್ ಹಿಡಿದ ಹಾಗೆ ಹಿಡೀರಿ ಅಂತ ನನ್ನ ಬೆರಳನ್ನೇ ತಿದ್ದಿ ಕೂರಿಸಿದ್ರು. ಎರಡು ಪಕ್ಕೆಲುಬಿನ ನಡುವೆ ಇಟ್ರೆ ಸ್ಕ್ರೀನ್ ಮೇಲೆ ಎರಡು ಕಡೆ ಪಕ್ಕೆಲುಬಿನ ಕಪ್ಪು ನೆರಳು, ಬಾವಲಿ ರೆಕ್ಕೆ ಬಿಚ್ಚಿದ ಹಾಗೆ, ಮಧ್ಯ ಒಂದು ಬಿಳಿ ಗೆರೆ, ಆ ಗೆರೆ ಉಸಿರಾಟದ ಜೊತೆ ಇರುವೆ ಸಾಲಿನ ಹಾಗೆ ಹರಿದಾಡ್ತಿತ್ತು. ಅದರ ಕೆಳಗೆ ಸಮ ಅಂತರದಲ್ಲಿ ಅಡ್ಡ ಗೆರೆ ಬಂದ್ರೆ ಎ ಲೈನು, ಅಂದ್ರೆ ಅಲ್ಲಿ ಇರೋದು ಗಾಳಿ. ಮೇಲಿಂದ ಕೆಳಗಿನವರೆಗೂ ಟಾರ್ಚ್ ಬಿಟ್ಟ ಹಾಗೆ ಉದ್ದುದ್ದ ಗೆರೆ ಬಂದ್ರೆ ಬಿ ಲೈನು, ಒಂದೇ ಸಂದಿಲಿ ಮೂರೋ ಅದಕ್ಕಿಂತ ಜಾಸ್ತಿನೋ, ಅದೂ ಎರಡೂ ಕಡೆ ಹಲವು ಜಾಗದಲ್ಲಿ ಕಂಡ್ರೆ ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿದೆಯಾ ಅಂತ ಮೊದಲು ಯೋಚನೆ ಮಾಡಿ ಅಂದ್ರು. ಮಂಚದ ಮೇಲೆ ಮಲಗಿದ್ದ ಹುಡುಗ ಆರೋಗ್ಯವಂತ, ಅದಕ್ಕೆ ಬಿ ಲೈನನ್ನ ವಿಡಿಯೋದಲ್ಲಿ ತೋರಿಸಿದ್ರು.

ಅದನ್ನ ನೋಡ್ತಾ ನಂಗೆ ಹೋದ ವರ್ಷದ ಒಬ್ಬ ಅಜ್ಜ ನೆನಪಾದ್ರು. ರಾತ್ರಿ ಒಂಬತ್ತಕ್ಕೆ ಏದುಸಿರು ಬಿಡ್ತಾ ಬಂದ್ರು, ಎದೇಲಿ ಸುಂಯ್ ಸುಂಯ್ ಸದ್ದು, ಅಸ್ತಮಾ ಅಂತ ಇಪ್ಪತ್ತು ನಿಮಿಷ ನೆಬ್ಯುಲೈಸ್ ಮಾಡಿದೆ (ಔಷಧಿ ಹಬೆ ಕೊಟ್ಟೆ), ಕಡಿಮೆ ಆಗ್ಲಿಲ್ಲ, ಆಸ್ಪತ್ರೆಗೆ ಕಳಿಸಿದ್ಮೇಲೆ ಗೊತ್ತಾಯ್ತು ಹಾರ್ಟ್ ಫೇಲ್ಯೂರು ಅಂತ. ಅವರು ಬದುಕಿದ್ರು, ಆದ್ರೆ ಆ ಇಪ್ಪತ್ತು ನಿಮಿಷ ನನ್ನ ತಲೆಯಿಂದ ಹೋಗಿಲ್ಲ.

ಕೆಳಗೆ ಸ್ಟಾಲಲ್ಲಿ ಮೊಬೈಲ್‌ಗೆ ಚುಚ್ಚೋ ಪುಟ್ಟ ಪ್ರೋಬ್ ಮಾರ್ತಿದ್ರು. ಒಬ್ಬ ಸೇಲ್ಸ್ ಹುಡುಗ ಬೆಲೆ ಇಎಂಐ ಎಲ್ಲ ಹೇಳಿದ, ಪಿಸಿಪಿಎನ್‌ಡಿಟಿ ಬಗ್ಗೆ ಒಂದು ಮಾತೂ ಆಡ್ಲಿಲ್ಲ. 1994ರ ಕಾಯ್ದೆ ಅದು, ಭ್ರೂಣಲಿಂಗ ಪತ್ತೆ ತಡೆಯೋಕೆ ಬಂದಿದ್ದು, ಎಷ್ಟೇ ಸಣ್ಣ ಅಲ್ಟ್ರಾಸೌಂಡ್ ಮೆಷಿನ್ ಆದ್ರೂ ಕ್ಲಿನಿಕ್ ನೋಂದಣಿ ಆಗಿರ್ಬೇಕು, ಬಳಸೋರಿಗೆ ಅರ್ಹತೆ ಇರ್ಬೇಕು. ದಯವಿಟ್ಟು ಸ್ಟಾಲ್‌ಲೇ ಆರ್ಡರ್ ಕೊಟ್ಟು ಬರಬೇಡಿ, ಮೊದಲು ನಿಮ್ಮ ಮಹಾನಗರಪಾಲಿಕೆ ಆರೋಗ್ಯ ವಿಭಾಗದಲ್ಲಿ ವಿಚಾರಿಸಿ.

ಎರಡನೇ ದಿನ ಮಧ್ಯಾಹ್ನದ ಲೆಪ್ಟೊ (ಇಲಿ ಮೂತ್ರ ಬೆರೆತ ನೀರಿಂದ ಬರೋ ಲೆಪ್ಟೊಸ್ಪೈರೋಸಿಸ್ ಜ್ವರ) ಸೆಷನ್ನೂ ಬಹಳ ಹಿಡಿಸ್ತು. 2005 ಜುಲೈ 26ಕ್ಕೆ ನಾನು ಇಂಟರ್ನು, ಸಾಂತಾಕ್ರೂಜಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಬಿತ್ತಲ್ಲ, ಈ ಬಿಕೆಸಿ ಪಕ್ಕದ ಮೀಠಿ ನದಿ ಉಕ್ಕಿ ಹರೀತು, ಆಮೇಲಿನ ವಾರಗಳಲ್ಲಿ ವಾರ್ಡ್ ತುಂಬ ಜ್ವರ. ಅದೇ ನದಿ ದಡದಲ್ಲಿ ಕೂತು ಆ ಪಾಠ ಕೇಳ್ತಿದ್ದೆ. ಪ್ಲೇಟ್ಲೆಟ್ ಡೆಂಗಿಲೂ ಇಳಿಯತ್ತೆ ಲೆಪ್ಟೊಲೂ ಇಳಿಯತ್ತೆ, ಆದ್ರೆ ಡೆಂಗಿಲಿ ಬಿಳಿ ರಕ್ತಕಣ ಸಾಮಾನ್ಯವಾಗಿ ಕಡಿಮೆ, ಲೆಪ್ಟೊಲಿ ಹೆಚ್ಚಾಗೋದೇ ಜಾಸ್ತಿ, ಜೊತೆಗೆ ಮೀನಖಂಡ ಮುಟ್ಟಿದ್ರೆ ನೋವು, ಕಣ್ಣು ಕೆಂಪು. ಕಿಡ್ನಿ ಕೆಲಸ ತೋರಿಸೋ ಕ್ರಿಯಾಟಿನಿನ್ ಏರಿದ್ರೂ ಪೊಟ್ಯಾಶಿಯಂ ಏರದೇ ಇದ್ರೆ ಲೆಪ್ಟೊ ನೆನಪಿಸ್ಕೊಳ್ಳಿ ಅಂದ್ರು. ಮಳೆ ನಿಂತ ನೀರಲ್ಲಿ ನಡೆದು ಬಂದವರಿಗೆ ಕಾಯಿಲೆ ಬರದ ಹಾಗೆ 72 ಗಂಟೆ ಒಳಗೆ ಡಾಕ್ಸಿಸೈಕ್ಲಿನ್, ಗರ್ಭಿಣಿಯರಿಗೆ ಮತ್ತೆ 8 ವರ್ಷದೊಳಗಿನ ಮಕ್ಕಳಿಗೆ ಅಜಿಥ್ರೊಮೈಸಿನ್, ಇದನ್ನ ಈಗ ಕ್ಲಿನಿಕ್ ಗೋಡೆಗೇ ಅಂಟಿಸಿದೀನಿ.

ಊಟದ ಸಾಲಲ್ಲಿ ಹಿಂದಿಂದ "ಏನ್ರೀ ಮಂದಿ ಇದು, ಜಾತ್ರ್ಯಾಗ ಬಂದಂಗ ಆತು" ಅಂತ ಕೇಳಿಸ್ತು, ತಿರುಗಿ ನೋಡಿದ್ರೆ ಹುಬ್ಬಳ್ಳಿ ಕಡೆ ಡಾಕ್ಟರು ಇಬ್ರು. ಸಂಜೆ ಅವರನ್ನ ಕರ್ಕೊಂಡು ಮಾಟುಂಗಾಕ್ಕೆ ಹೋದೆ, ಸ್ಟೇಷನ್ ಪಕ್ಕದ ಮಾರ್ಕೆಟ್ ಮಹಡಿ ಮೇಲೆ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗು, 1942ರದ್ದು. ಬಾಳೆಲೆ ಮೇಲೆ ಅನ್ನ ಸಾರು ಬಿದ್ದಾಗ ಅವರ ಮುಖ ನೋಡ್ಬೇಕಿತ್ತು. ಅಲ್ಲಿ ಕೂತು ಕೇಸ್ ಮಾತಾಡಿದ್ದು, ಹಾವು ಕಡಿದವರನ್ನ ಹಳ್ಳಿಯಿಂದ ಹೇಗೆ ಸಾಗಿಸ್ತಾರೆ, ಎಷ್ಟು ಹೊತ್ತಾಗತ್ತೆ, ಅದೂ ನಂಗೊಂದು ಸೆಷನ್ ಆಯ್ತು.

ಮುಂದಿನ ಸಲ ಹೋಗ್ತೀನಿ. ಹೋಗೋರಿಗೆ ಒಂದೇ ಮಾತು, ಫೀಸು ಕಟ್ಟೋ ದಿನವೇ ವರ್ಕ್‌ಶಾಪ್ ಸೀಟು ಹಿಡೀರಿ, ಅದಕ್ಕೆ ಬೇರೆ ದುಡ್ಡು ಕೇಳಿದ್ರೂ ಕೊಡಿ. ಆ ಹುಬ್ಬಳ್ಳಿಯವರಿಗೆ ಸೀಟು ಸಿಗದೆ ಬಾಗಿಲ ಹತ್ರ ನಿಂತು ಕತ್ತು ಚಾಚಿ ನೋಡ್ತಿದ್ರು, ಆಯೋಜಕರು ದೊಡ್ಡ ಹಾಲ್‌ನ ಒಂದು ಭಾಷಣ ಕಮ್ಮಿ ಮಾಡಿ ಇನ್ನೆರಡು ಮಂಚ ಹಾಕಿಸಿದ್ದಿದ್ರೆ ಅವರೂ ಪ್ರೋಬ್ ಹಿಡೀತಿದ್ರು.